ಕುರ್ಚಿ ಮಗುಚಿ ನೋಡಿ: ಬುಷ್, ಚಕ್ರ, ಫೆಲ್ಟ್ ಆರಿಸುವ ಬಗೆ

ನಿಮ್ಮ ಮನೆಯ ಊಟದ ಮೇಜಿನ ಒಂದು ಕುರ್ಚಿಯನ್ನು ಮಗುಚಿ ಹಾಕಿ, ಕಾಲಿನ ತುದಿಗಳನ್ನು ನೋಡಿ. ನಾನು ಹಾಗೆ ನೋಡಿದ್ದು ಹೋದ ವರ್ಷ ದೀಪಾವಳಿಗೆ ಮನೆ ತೊಳೆಯುವಾಗ. ಒಂದು ಕಾಲಿಗೆ ಅಂಟಿಸಿದ್ದ ಫೆಲ್ಟ್, ಅಂದರೆ ಎಳೆಗಳನ್ನು ಒತ್ತಿ ಮಾಡಿದ ಮೆತ್ತನೆಯ ಬಟ್ಟೆಯ ಬಿಲ್ಲೆ, ಅರ್ಧ ಪಕ್ಕಕ್ಕೆ ಜಾರಿತ್ತು. ಅದು ಬಿಟ್ಟ ಜಾಗದಲ್ಲಿ ಕಪ್ಪಗಾದ ಗೋಂದು, ಗೋಂದಿಗೆ ಮೆತ್ತಿದ ಕೂದಲು, ನಾಲ್ಕೈದು ಮರಳಿನ ಕಣ. ಎರಡನೆಯ ಕಾಲಿನಲ್ಲಿ ಫೆಲ್ಟೇ ಇಲ್ಲ. ಮೂರನೆಯದರಲ್ಲಿ ಹಳೇ ಬುಷ್ (ಕಾಲಿನ ತುದಿಗೆ ಹಾಕುವ ಪ್ಲಾಸ್ಟಿಕ್ ಅಥವಾ ರಬ್ಬರಿನ ತುಂಡು) ಉದುರಿಹೋಗಿ, ಅದರ ಮೊಳೆ ಮಾತ್ರ ಉಳಿದಿತ್ತು. ನೆಲಕ್ಕೆ ಉಜ್ಜಿ ಉಜ್ಜಿ ಅದರ ತಲೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ನಮ್ಮ ಹಾಲ್‌ನ ಮಾರ್ಬಲ್ ನೆಲದಲ್ಲಿ, ಮೇಜಿನ ಸುತ್ತ ಅರ್ಧಚಂದ್ರದಂಥ ಗೀರುಗಳು ಎಲ್ಲಿಂದ ಬಂದವು ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಉತ್ತರ ಆ ಮೊಳೆಯಲ್ಲಿತ್ತು.

ಸೋಫಾ ಕೊಳ್ಳುವಾಗ ಬಟ್ಟೆ ಮುಟ್ಟಿ ನೋಡುತ್ತೇವೆ, ಕೂತು ನೋಡುತ್ತೇವೆ, ಬಣ್ಣಕ್ಕೆ ಅರ್ಧ ದಿನ ಚರ್ಚೆ ಮಾಡುತ್ತೇವೆ. ಕಾಲಿನ ಕೆಳಗಿನ ಒಂದಿಂಚನ್ನು ಯಾರೂ ನೋಡುವುದಿಲ್ಲ. ನೋಡೋಣ ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುವ ಸಲಹೆಯಲ್ಲಿ ಜಾಸ್ತಿ ಪಾಲು ಚಳಿ ದೇಶದ್ದು. ಅಲ್ಲಿ ಮರದ ನೆಲ, ಕಾರ್ಪೆಟ್, ವ್ಯಾಕ್ಯೂಮ್ ಕ್ಲೀನರ್. ನಮ್ಮಲ್ಲಿ ಕಲ್ಲು, ಟೈಲ್ಸ್, ಕೆಲವು ಕಡೆ ರೆಡ್ ಆಕ್ಸೈಡ್. ಜೊತೆಗೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ರೂಢಿ. ಈ ನೀರು ಲೆಕ್ಕವನ್ನೇ ಬದಲಿಸುತ್ತದೆ. ಹಾಗಾಗಿ ಏನೇ ಆರಿಸುವ ಮೊದಲು ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರ ಭಾರ ಎಷ್ಟು? ದಿನಕ್ಕೆ ಎಷ್ಟು ಸಲ ಸರಿಯುತ್ತದೆ? ಇದರ ಬುಡಕ್ಕೆ ಎಷ್ಟು ನೀರು ತಾಗುತ್ತದೆ?

ಭಾರದ ಲೆಕ್ಕ

ಬಟ್ಟೆ, ಸೀರೆ, ಪಾತ್ರೆ ಎಲ್ಲ ತುಂಬಿದ ಒಂದು ಬೀರು 200 ಕೆಜಿ ತೂಗುತ್ತದೆ ಅಂದುಕೊಳ್ಳಿ. ಅದರ ನಾಲ್ಕು ಕಾಲುಗಳ ತುದಿ 2 ಸೆಂಟಿಮೀಟರ್ ಅಗಲದ ದುಂಡು ಆಗಿದ್ದರೆ, ನೆಲಕ್ಕೆ ತಾಗುವ ಜಾಗ ಒಟ್ಟು ಹನ್ನೆರಡೂವರೆ ಚದರ ಸೆಂಟಿಮೀಟರ್ ಅಷ್ಟೆ. ಅಂದರೆ ಉಗುರಗಲದ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 16 ಕೆಜಿ ಕೂತಿರುತ್ತದೆ. ಪ್ರತಿ ಕಾಲಿನ ಕೆಳಗೆ 5 ಸೆಂಟಿಮೀಟರ್ ಅಗಲದ ಬಿಲ್ಲೆ ಇಟ್ಟರೆ ಅದೇ ಭಾರ ಎರಡೂವರೆ ಕೆಜಿಗೆ ಇಳಿಯುತ್ತದೆ. ಕೆಸರು ಗದ್ದೆ ದಾಟಲು ಹಲಗೆ ಹಾಕಿಕೊಂಡ ಹಾಗೆ. ಮನುಷ್ಯ ಅವನೇ, ಆದರೆ ಕಾಲು ಹೂಳುವುದಿಲ್ಲ.

ಇಲ್ಲೊಂದು ತಪ್ಪು ತುಂಬ ಜನ ಮಾಡುತ್ತಾರೆ. ಬಿಲ್ಲೆ ಅಗಲ ಇದ್ದರೆ ಸಾಕು ಅಂತ ದಪ್ಪ ಸ್ಪಂಜಿನಂಥದ್ದನ್ನು ಇಡುತ್ತಾರೆ. ಮೆತ್ತಗಿನ ಬಿಲ್ಲೆಯ ನಡುವೆ ಕಾಲು ಒತ್ತಿ ಕೂರುತ್ತದೆ, ಅಂಚು ಮೇಲೇಳುತ್ತದೆ. ಭಾರ ಹರಡುವುದೇ ಇಲ್ಲ. ಕಾಲಿಗೆ ತಾಗುವ ಪದರ ಗಟ್ಟಿ ಇರಬೇಕು, ಉದಾಹರಣೆಗೆ ನೈಲಾನ್ ಅಥವಾ ಪ್ಲೈವುಡ್ಡಿನ ತುಂಡು. ನೆಲಕ್ಕೆ ತಾಗುವ ಪದರ ಮಾತ್ರ ಮೆತ್ತಗಿರಲಿ.

ಟೈಲ್ಸ್ ನೆಲದಲ್ಲಿ ಇದು ಇನ್ನೂ ಮುಖ್ಯ. ಟೈಲ್ಸ್ ಹಾಕುವಾಗ ಕೆಳಗೆ ಗಾರೆ ಸರಿಯಾಗಿ ತುಂಬದಿದ್ದರೆ ಅಲ್ಲಲ್ಲಿ ಟೊಳ್ಳು ಉಳಿಯುತ್ತದೆ. ಬೀರು ಇಡುವ ಮೊದಲು ಒಂದು ನಾಣ್ಯ ತಗೊಂಡು ಆ ಜಾಗದಲ್ಲಿ ತಟ್ಟಿ ನೋಡಿ. ಗಟ್ಟಿ ಕೂತ ಟೈಲ್ಸ್ 'ಟಕ್ ಟಕ್' ಅನ್ನುತ್ತದೆ, ಟೊಳ್ಳು ಇದ್ದರೆ 'ಡಬ್ ಡಬ್' ಅಂತ ಸದ್ದು ಬದಲಾಗುತ್ತದೆ. ಆ ಟೊಳ್ಳಿನ ಮೇಲೆ ಕಾಲು ಕೂತರೆ ಒಂದಲ್ಲ ಒಂದು ದಿನ ಬಿರುಕು ಬರುತ್ತದೆ. ಬೀರುವನ್ನು ಅರ್ಧ ಅಡಿ ಅತ್ತಿತ್ತ ಸರಿಸಿದರೆ ಎಷ್ಟೋ ಸಲ ಕೆಲಸ ಮುಗಿಯಿತು.

ಗೀರು ಹಾಕುವುದು ಕುರ್ಚಿಯೋ, ಮರಳೋ?

ಜರ್ಮನಿಯ ಖನಿಜ ತಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ಒಂದು ಸರಳ ಏಣಿ ಕಟ್ಟಿಕೊಟ್ಟರು. ಯಾವುದು ಯಾವುದಕ್ಕೆ ಗೀರು ಹಾಕಬಲ್ಲದು ಅನ್ನುವ ಏಣಿ ಅದು. ಟಾಲ್ಕ್ 1, ವಜ್ರ 10. ಮೇಲಿನದು ಕೆಳಗಿನದಕ್ಕೆ ಗೀರು ಹಾಕುತ್ತದೆ. ನಮ್ಮ ನೆಲಗಳನ್ನು ಈ ಏಣಿಯಲ್ಲಿ ಇಟ್ಟು ನೋಡಿದರೆ ಎಲ್ಲ ಬಿಡಿಸಿಕೊಳ್ಳುತ್ತದೆ.

ಮಾರ್ಬಲ್, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕಡಪ ಕಲ್ಲು, ಕೋಟಾ ಕಲ್ಲು: ಇವೆಲ್ಲ ಸುಣ್ಣದ ಕುಲದವು. ಇವುಗಳಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸೈಟ್, ಅದರ ಜಾಗ 3. ಸಾಮಾನ್ಯ ಕಬ್ಬಿಣದ ಮೊಳೆ 4ರ ಮೇಲಿದೆ. ನಮ್ಮ ಮನೆಯ ಮೊಳೆ ಮಾರ್ಬಲ್ಲಿನ ಮೇಲೆ ಚಂದ್ರ ಬರೆದದ್ದು ಹೀಗೆ. ಇಳಕಲ್ಲಿನ ಗುಲಾಬಿ ಕಲ್ಲಿನಂಥ ಗ್ರಾನೈಟಿನಲ್ಲಿ ಇರುವ ಖನಿಜಗಳು 6 ಮತ್ತು 7ರಲ್ಲಿವೆ. ಅದರ ಮೇಲೆ ಕಬ್ಬಿಣದ ಕುರ್ಚಿ ಎಳೆದರೆ ಕಲ್ಲು ಕೆರೆಯುವುದಿಲ್ಲ, ಕಬ್ಬಿಣವೇ ಸವೆದು ಬೂದು ಗೆರೆ ಬಿಡುತ್ತದೆ. ಅದನ್ನು ಉಜ್ಜಿ ತೆಗೆಯಬಹುದು. ಗೆರೆ ಕಂಡ ಕೂಡಲೇ ನೆಲ ಹಾಳಾಯಿತು ಅಂತ ಹೆದರಬೇಡಿ.

ಆದರೆ ಮರಳು 7ರಲ್ಲಿದೆ. ಚಪ್ಪಲಿಗೆ ಅಂಟಿ, ಕಿಟಕಿಯಿಂದ ತೂರಿ ಬರುವ ಮರಳಿನ ಕಣ ಮಾರ್ಬಲ್ ಅನ್ನು ಸಲೀಸಾಗಿ ಕೆರೆಯುತ್ತದೆ. ಹೊಳೆಯುವ ವಿಟ್ರಿಫೈಡ್ ಟೈಲ್ಸಿನ ಪಾಲಿಶನ್ನೂ ದಿನಾ ಓಡಾಡುವ ದಾರಿಯಲ್ಲಿ ಮಂಕು ಮಾಡುತ್ತದೆ. ಇನ್ನು ರೆಡ್ ಆಕ್ಸೈಡ್ ನೆಲ. ಅದರ ಅಂದವೆಲ್ಲ ಮೇಲಿನ ತೆಳು ಪದರದಲ್ಲಿ, ವರ್ಷಗಟ್ಟಲೆ ಒರೆಸಿ ಬಂದ ಹೊಳಪಿನಲ್ಲಿ ಇದೆ. ಅಲ್ಲಿ ಬಿದ್ದ ಗೀರು ಬೆಳ್ಳಗೆ ಕಾಣುತ್ತದೆ, ಅದೇ ಬಣ್ಣಕ್ಕೆ ತೇಪೆ ಹಾಕುವುದು ಬಹಳ ಕಷ್ಟ. ಅಂಥ ನೆಲ ನಿಮ್ಮ ಮನೆಯಲ್ಲಿ ಉಳಿದಿದ್ದರೆ ದಯವಿಟ್ಟು ಕಾಪಾಡಿಕೊಳ್ಳಿ.

ಈಗ ಫೆಲ್ಟಿನ ವಿಷಯಕ್ಕೆ ಬರೋಣ. ಫೆಲ್ಟ್ ಮೆತ್ತಗಿದೆ, ಸದ್ದು ಮಾಡುವುದಿಲ್ಲ, ಸುಲಭವಾಗಿ ಜಾರುತ್ತದೆ. ಎಲ್ಲ ಸರಿ. ಆದರೆ ಅದರ ಎಳೆಗಳ ನಡುವೆ ಮರಳಿನ ಕಣ ಸಿಕ್ಕಿಕೊಂಡರೆ ಹೊರಗೆ ಬರುವುದಿಲ್ಲ. ಆಗ ಅದು ಫೆಲ್ಟ್ ಅಲ್ಲ, ಉಪ್ಪುಕಾಗದ. ಬಾಗಿಲ ಹತ್ತಿರದ ಕುರ್ಚಿ, ವರಾಂಡದ ಸ್ಟೂಲಿಗೆ ಫೆಲ್ಟ್ ಬೇಡ ಅಂತ ನಾನು ಹೇಳುವುದು ಇದಕ್ಕೇ. ಒಳಗಿನ ಕೋಣೆಯಲ್ಲಿ ಹಾಕಿದ್ದರೆ ತಿಂಗಳಿಗೊಮ್ಮೆ ಮಗುಚಿ, ಹಳೇ ಟೂತ್ ಬ್ರಷ್ಷಿನಿಂದ ಕೊಡವಿ.

ನೀರು ಮೇಲೇರುತ್ತದೆ

ನನ್ನ ಅಜ್ಜಿಯ ಮನೆಯಲ್ಲಿ ತಿಂಡಿ ಇಡುವ ಜಾಲರಿ ಬೀರುವಿನ ನಾಲ್ಕೂ ಕಾಲು ನಾಲ್ಕು ನೀರಿನ ಬಟ್ಟಲಲ್ಲಿ ನಿಂತಿರುತ್ತಿದ್ದವು. ಇರುವೆ ಹತ್ತದಿರಲಿ ಅಂತ. ಉಪಾಯ ಒಳ್ಳೆಯದು, ಆದರೆ ಆ ಕಾಲುಗಳ ಬುಡ ಕಪ್ಪಾಗಿ, ಉಗುರು ಊರಿದರೆ ಒಳಗಿಳಿಯುವಷ್ಟು ಮೆತ್ತಗಾಗಿತ್ತು. ಮರದ ಒಳಗೆ ಉದ್ದಕ್ಕೂ ಸಣ್ಣ ಸಣ್ಣ ಕೊಳವೆಗಳಿವೆ. ಮರ ಬದುಕಿದ್ದಾಗ ಬೇರಿನಿಂದ ನೀರು ಏರುತ್ತಿದ್ದುದು ಅವುಗಳಲ್ಲೇ. ಕಾಲಿನ ತುದಿ ಕತ್ತರಿಸಿದಾಗ ಆ ಕೊಳವೆಗಳ ಬಾಯಿ ನೆಲದ ಕಡೆಗೆ ತೆರೆದುಕೊಂಡಿರುತ್ತದೆ. ಹೀರುವ ಕೊಳವೆಗಳ ಕಟ್ಟೊಂದನ್ನು ಒದ್ದೆ ನೆಲದಲ್ಲಿ ನಿಲ್ಲಿಸಿದ ಹಾಗೆ. ನೆಲ ಒರೆಸಿದಾಗಲೆಲ್ಲ ಒಂದೊಂದು ಗುಟುಕು ಮೇಲೇರುತ್ತದೆ. ಕೊಳೆಯುವುದು, ಗೆದ್ದಲು ಹಿಡಿಯುವುದು ಶುರುವಾಗುವುದು ಇಲ್ಲಿಂದಲೇ. ಸಾಗುವಾನಿ ತಡೆದುಕೊಳ್ಳುತ್ತದೆ, ಅಗ್ಗದ ಮರ ತಡೆಯುವುದಿಲ್ಲ.

ಬಡಗಿಗಳು ಕಾಲಿನ ನಾಲ್ಕು ಬದಿಗೂ ಚೆನ್ನಾಗಿ ಪಾಲಿಶ್ ಹೊಡೆಯುತ್ತಾರೆ, ತಳಕ್ಕೆ ಎಷ್ಟೋ ಸಲ ಹೊಡೆಯುವುದಿಲ್ಲ. ಹೊಸ ಸಾಮಾನು ಬಂದ ದಿನವೇ ಮಗುಚಿ ನೋಡಿ. ತಳ ಬರಿ ಮರವಾಗಿದ್ದರೆ ವಾರ್ನಿಷ್ಷನ್ನು ಎರಡು ಮೂರು ಸಲ ಕುಡಿಸಿ. ಮೊದಲ ಸಲದ್ದು ಪೂರ್ತಿ ಹೀರಿಹೋಗುತ್ತದೆ, ಅದೇ ಬೇಕಾದ್ದು. ಆಮೇಲೆ ಐದಾರು ಮಿಲಿಮೀಟರ್ ಎತ್ತರದ ನೈಲಾನ್ ಬುಷ್ ಹೊಡೆದರೆ ಮರ ನೆಲದ ತೇವದಿಂದ ಮೇಲೆ ನಿಲ್ಲುತ್ತದೆ.

ಈಗ ಎಲ್ಲ ಕಡೆ ಮಾರುವ ಸಿಲಿಕಾನ್ ಟೋಪಿಗಳ ವಿಷಯದಲ್ಲೂ ನೀರನ್ನೇ ಯೋಚಿಸಬೇಕು. ಕಾಲಿಗೆ ಕಾಲುಚೀಲದ ಹಾಗೆ ತೊಡಿಸುವ, ತಳದಲ್ಲಿ ತೆಳು ಫೆಲ್ಟ್ ಇರುವ ಪಾರದರ್ಶಕ ಟೋಪಿ ಅದು. ಅಂಟು ಬೇಡ, ಜಾರಿ ಹೋಗುವುದಿಲ್ಲ, ದಿನಾ ಸರಿಯುವ ಕುರ್ಚಿಗೆ ಒಳ್ಳೆಯದು. ಆದರೆ ಒಳಗೆ ಸೇರಿದ ನೀರು ಹೊರಗೆ ಹೋಗಲು ದಾರಿಯಿಲ್ಲ. ಎರಡು ತಿಂಗಳಿಗೊಮ್ಮೆ ಕಳಚಿ, ತೊಳೆದು, ಕಾಲನ್ನೂ ಒಣಗಿಸಿ ಮತ್ತೆ ಹಾಕಿ. ಅಳತೆ ತೆಗೆಯಲು ದುಂಡು ಕಾಲಿನ ಸುತ್ತ ಒಂದು ದಾರ ಸುತ್ತಿ, ಅದರ ಉದ್ದವನ್ನು 3.14ರಿಂದ ಭಾಗಿಸಿ. ಅದೇ ಕಾಲಿನ ಅಗಲ.

ಅಂಟಿಸುವ ಫೆಲ್ಟ್ ಯಾಕೆ ನಿಲ್ಲುವುದಿಲ್ಲ ಅಂತ ಕೇಳುವವರು ಬಹಳ. ಆ ಅಂಟು ಮೇಲಿಂದ ಒತ್ತಿದರೆ ಗಟ್ಟಿ, ಪಕ್ಕಕ್ಕೆ ಎಳೆದರೆ ನಿಧಾನಕ್ಕೆ ಹರಿಯುತ್ತದೆ. ಕುರ್ಚಿ ಎಳೆಯುವಾಗ ಬೀಳುವುದು ಪಕ್ಕದ ಬಲವೇ ಅಲ್ವಾ? ಬೇಸಿಗೆಯ ಸೆಕೆಗೆ ಅಂಟು ಇನ್ನೂ ಮೆತ್ತಗಾಗುತ್ತದೆ, ಮೇಲೆ ನೀರು ಬೇರೆ. ಅಂಟಿಸಲೇಬೇಕೆಂದರೆ ತಳವನ್ನು ಉಪ್ಪುಕಾಗದದಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕುರ್ಚಿಯನ್ನು ಒಂದು ದಿನ ಮಗುಚಿಯೇ ಇಡಿ. ಆ ಅಂಟಿಗೆ ಒಳ್ಳೆಯ ಹಿಡಿತ ಬರಲು ಅಷ್ಟು ಹೊತ್ತಾದರೂ ಬೇಕು. ಇದಕ್ಕಿಂತ ನಡುವೆ ಸ್ಕ್ರೂ ಇರುವ ಫೆಲ್ಟ್ ಎಷ್ಟೋ ಮೇಲು. ಸ್ಕ್ರೂವಿನ ತಲೆ ಫೆಲ್ಟಿನೊಳಗೆ ಹುದುಗಿರಬೇಕು. ಫೆಲ್ಟ್ ಸವೆದು ತಲೆ ಹೊರಬಂದ ದಿನ ಬದಲಿಸದಿದ್ದರೆ ನಮ್ಮ ಮೊಳೆಯ ಕಥೆಯೇ.

ಕಬ್ಬಿಣದ ಪೈಪಿನ ಕಾಲಿಗೆ ಎರಡು ಬಗೆಯ ಬುಷ್ ಸಿಗುತ್ತವೆ: ಪೈಪಿನೊಳಗೆ ತೂರುವುದು, ಹೊರಗೆ ತೊಡಿಸುವುದು. ಹೊರಗಿನದು ಬಿರುಕು ಬಿಟ್ಟರೆ ಅದರೊಳಗೆ ನೀರು ನಿಂತು ಪೈಪ್ ತುಕ್ಕು ಹಿಡಿಯುತ್ತದೆ, ನೆಲದಲ್ಲಿ ಕಂದು ಉಂಗುರ ಮೂಡುತ್ತದೆ. ಮಾರ್ಬಲ್ಲಿಗೆ ಇಳಿದ ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ. ಒಳಗಿನ ಬುಷ್ಷಿನಲ್ಲಿ ಈ ತೊಂದರೆ ಕಡಿಮೆ, ಆದರೆ ಅಳತೆ ತಪ್ಪುವುದು ಜಾಸ್ತಿ. ಅಂಗಡಿಯಲ್ಲಿ 'ಒಂದಿಂಚು ಪೈಪು' ಅಂದರೆ ಹೊರಗಿನ ಅಳತೆ. ಪೈಪಿನ ತಗಡು ದಪ್ಪ ಇದ್ದರೆ ಒಳಗಿನ ಜಾಗ ಕಿರಿದಾಗಿರುತ್ತದೆ. ಹಳೇ ಬುಷ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗುವುದೇ ಸರಿ. ಕಪ್ಪು ರಬ್ಬರ್ ಬುಷ್ಷನ್ನು ವಿನೈಲ್ ಅಥವಾ ಲ್ಯಾಮಿನೇಟ್ ನೆಲದ ಮೇಲೆ ಇಡಬೇಡಿ. ರಬ್ಬರಿನೊಳಗಿನ ರಾಸಾಯನಿಕ ನಿಧಾನಕ್ಕೆ ಇಳಿದು ಹಳದಿ ಕಲೆ ಬಿಡುತ್ತದೆ. ಅದು ಒರೆಸಿದರೆ ಹೋಗುವ ಕೊಳೆಯಲ್ಲ.

ಚಕ್ರ: ಗಟ್ಟಿ ನೆಲಕ್ಕೆ ಮೆತ್ತಗಿನದು

ಆಫೀಸ್ ಕುರ್ಚಿ ಮನೆಗೆ ಬಂದ ಮೇಲೆ ಈ ವಿಷಯ ಎಲ್ಲರಿಗೂ ಬೇಕಾಗಿದೆ. ಸೂತ್ರ ಒಂದೇ: ಮೆತ್ತಗಿನ ನೆಲಕ್ಕೆ ಗಟ್ಟಿ ಚಕ್ರ, ಗಟ್ಟಿ ನೆಲಕ್ಕೆ ಮೆತ್ತಗಿನ ಚಕ್ರ. ಕಾರ್ಪೆಟ್ ಮೇಲೆ ಮೆತ್ತಗಿನ ಚಕ್ರ ಹೂತು ಎಳೆಯಲು ಭಾರವಾಗುತ್ತದೆ. ಟೈಲ್ಸ್ ಮೇಲೆ ಗಟ್ಟಿ ನೈಲಾನ್ ಚಕ್ರ ಗಡಗಡ ಅನ್ನುತ್ತದೆ, ಕೆಳಗೆ ಸಿಕ್ಕ ಮರಳನ್ನು ನೆಲಕ್ಕೆ ಅರೆಯುತ್ತದೆ. ಯುರೋಪಿನ ಇಎನ್ 12529 ಅನ್ನುವ ಮಾನದಂಡದಲ್ಲಿ ಗಟ್ಟಿ ಚಕ್ರಕ್ಕೆ 'ಎಚ್', ಮೆತ್ತಗಿನದಕ್ಕೆ 'ಡಬ್ಲ್ಯು' ಅಂತ ಹೆಸರಿದೆ. ಗುರುತು ಹಿಡಿಯುವುದು ಸುಲಭ. ಮೆತ್ತಗಿನ ಚಕ್ರಕ್ಕೆ ಸಾಮಾನ್ಯವಾಗಿ ಎರಡು ಬಣ್ಣ: ಒಳಗಿನ ಗಾಲಿ ಒಂದು ಬಣ್ಣ, ನೆಲಕ್ಕೆ ತಾಗುವ ಅಂಚು ಇನ್ನೊಂದು. ಇಡೀ ಚಕ್ರ ಒಂದೇ ಕಪ್ಪು ಪ್ಲಾಸ್ಟಿಕ್ ಆಗಿದ್ದರೆ ಅದು ಕಾರ್ಪೆಟ್ಟಿಗೆ ಮಾಡಿದ್ದಿರಬಹುದು.

ಬದಲಿಸಲು ಮೆಕ್ಯಾನಿಕ್ ಬೇಕಿಲ್ಲ. ಕುರ್ಚಿ ಮಲಗಿಸಿ ಚಕ್ರವನ್ನು ನೇರ ಎಳೆದರೆ ಕಡ್ಡಿ ಸಮೇತ ಕಳಚಿ ಬರುತ್ತದೆ. ಆ ಕಡ್ಡಿ ಹೆಚ್ಚಿನ ಕುರ್ಚಿಗಳಲ್ಲಿ 11 ಮಿಲಿಮೀಟರ್ ದಪ್ಪ, 22 ಮಿಲಿಮೀಟರ್ ಉದ್ದ. ಕೆಲವು ಕಂಪನಿಗಳದ್ದು 10 ಮಿಲಿಮೀಟರ್. ಒಂದು ಮಿಲಿಮೀಟರ್ ವ್ಯತ್ಯಾಸಕ್ಕೇ ಚಕ್ರ ಲೊಡಲೊಡ ಅನ್ನುತ್ತದೆ ಅಥವಾ ಹೋಗುವುದೇ ಇಲ್ಲ. ಹಾಗಾಗಿ ಅಳೆದೇ ಆರ್ಡರ್ ಮಾಡಿ. ಕೊಳ್ಳುವಾಗ ಕೇಳಬೇಕಾದ ಹೆಸರು ಪಿಯು, ಅಂದರೆ ಪಾಲಿಯುರೇಥೇನ್. ಮಂಗಳೂರು, ಕಾರವಾರ, ಮಲೆನಾಡಿನವರಿಗೆ ಒಂದು ಮಾತು. ಕೆಲವು ಬಗೆಯ ಪಿಯು ಗಾಳಿಯ ತೇವಕ್ಕೆ ವರ್ಷಗಳಲ್ಲಿ ಒಳಗಿಂದಲೇ ಒಡೆಯುತ್ತದೆ. ಮೊದಲು ಅಂಟಂಟಾಗಿ, ಆಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಎತ್ತಿಟ್ಟ ಷೂವಿನ ಅಟ್ಟೆ ಉದುರುವುದೂ ಎಷ್ಟೋ ಸಲ ಇದೇ ಕಾರಣಕ್ಕೆ. ಅಂಥ ಊರಿನಲ್ಲಿ ರಬ್ಬರಿನಂಥ ಟಿಪಿಆರ್ ಅಂಚಿನ ಚಕ್ರವನ್ನೂ ಕೇಳಿ ನೋಡಿ.

ಚಕ್ರ ತಿರುಗುವ ರೀತಿಯನ್ನು ಹತ್ತಿರದಿಂದ ನೋಡಿದ್ದೀರಾ? ಕಡ್ಡಿ ಚಕ್ರದ ನಟ್ಟನಡುವೆ ಇರುವುದಿಲ್ಲ, ಒಂದು ಬದಿಗೆ ಇರುತ್ತದೆ. ನೀವು ತಳ್ಳಿದಾಗ ಕಡ್ಡಿ ಮುಂದೆ, ಚಕ್ರ ಹಿಂದೆ. ಹಗ್ಗ ಹಿಡಿದು ಎಳೆದ ಕರುವಿನ ಹಾಗೆ ಅದು ಹಿಂದಿನಿಂದ ಬರುತ್ತದೆ. ದಿಕ್ಕು ಬದಲಿಸಿದರೆ ಕರು ಅರ್ಧ ಸುತ್ತು ಹಾಕಿ ಮತ್ತೆ ಹಿಂದೆ ಬರಬೇಕು. ಆ ಅರ್ಧ ಸುತ್ತಿಗೆ ಜಾಗ ಬೇಕು. ಗೋಡೆಗೆ ಒತ್ತಿಸಿಟ್ಟ ಟ್ರಾಲಿಯನ್ನು ಎಳೆದಾಗ ಅದು ಮೊದಲು ಓರೆಯಾಗಿ ಕುಲುಕುವುದು ಇದಕ್ಕೇ. ಮಂಚದ ಕೆಳಗೆ ನೇರ ಹೋಗಿ ಬರುವ ಪೆಟ್ಟಿಗೆಗೆ ತಿರುಗುವ ಚಕ್ರವೇ ಬೇಡ, ನಾಲ್ಕೂ ನೇರ ಚಕ್ರ ಹಾಕಿಸಿ.

ಭಾರಕ್ಕೆ ಚಕ್ರ ಆರಿಸುವಾಗ ಒಟ್ಟು ತೂಕವನ್ನು ನಾಲ್ಕರಿಂದ ಅಲ್ಲ, ಮೂರರಿಂದ ಭಾಗಿಸಿ. ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ. ಒಂದು ಚಕ್ರ ಗಾಳಿಯಲ್ಲಿದ್ದ ಕ್ಷಣ ಉಳಿದ ಮೂರೇ ಭಾರ ಹೊರಬೇಕು. ಅಡುಗೆಮನೆಯ ಸಿಲಿಂಡರ್ ಟ್ರಾಲಿಯನ್ನೇ ತಗೊಳ್ಳಿ. ಗ್ಯಾಸ್ 14.2 ಕೆಜಿ, ಖಾಲಿ ಸಿಲಿಂಡರ್ ಸುಮಾರು ಅಷ್ಟೇ ಅಥವಾ ತುಸು ಜಾಸ್ತಿ, ಒಟ್ಟು 30 ಕೆಜಿ. ಒಂದೊಂದು ಚಕ್ರ 10 ಕೆಜಿ ಹೊರುವಂತಿದ್ದರೆ ಸಾಕು. ಹಾಗಿದ್ದರೂ ಆ ಚಕ್ರಗಳು ಬೇಗ ಕೈಕೊಡುತ್ತವೆ ಅಂದರೆ ಕಾರಣ ಭಾರವಲ್ಲ. ಅಚ್ಚಿಗೆ ಸುತ್ತಿದ ಕೂದಲು, ದಾರ, ಎಣ್ಣೆ ಜಿಡ್ಡು. ಚಕ್ರ ಉರುಳುವುದು ನಿಂತು ಜಾರತೊಡಗುತ್ತದೆ, ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಸಣ್ಣ ಕತ್ತರಿಯಿಂದ ಕೂದಲು ಕತ್ತರಿಸಿ ಎಳೆದರೆ ಹೊಸದರಂತೆ ಉರುಳುತ್ತದೆ. ಕಲ್ಲಿನ ಸಂದು, ಹೊಸ್ತಿಲು ದಾಟಬೇಕಾದ ಸಾಮಾನಿಗೆ ದೊಡ್ಡ ಚಕ್ರ ಹಾಕಿ. ಚಕ್ರ ಚಿಕ್ಕದಾದಷ್ಟೂ ಸಣ್ಣ ಸಂದೂ ಅದಕ್ಕೆ ಹಳ್ಳ.

ಪ್ಲೇಟ್ ಇರುವ ಚಕ್ರವನ್ನು ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿಗೆ ನೇರ ಸ್ಕ್ರೂ ಹೊಡೆದು ಕೂರಿಸಿದರೆ ನಾಲ್ಕು ಸಲ ಎಳೆಯುವುದರಲ್ಲಿ ಕಿತ್ತು ಬರುತ್ತದೆ. ಕೆಳಗೆ ಗಟ್ಟಿ ಮರದ ಪಟ್ಟಿ ಕೊಡಿಸಿ, ಅದಕ್ಕೆ ಚಕ್ರ ಹಾಕಿಸಿ. ಕನಿಷ್ಠ ಎರಡು ಚಕ್ರಕ್ಕಾದರೂ ಬ್ರೇಕ್ ಇರಲಿ. ಇನ್ನು ಎತ್ತರದ ಬೀರುವಿಗೆ ಚಕ್ರ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮಗು ಕೆಳಗಿನ ಡ್ರಾಯರ್ ಎಳೆದು ಅದರ ಮೇಲೆ ಹತ್ತಿದರೆ ಬೀರು ಮುಂದಕ್ಕೆ ಮಗುಚುತ್ತದೆ. ಬೀರುವನ್ನು ಗೋಡೆಗೆ ಎಲ್ ಆಕಾರದ ಪಟ್ಟಿಯಿಂದ ಬಿಗಿಸಬೇಕು.

ಕುಂಟುವ ಮೇಜು, ಕುಣಿಯುವ ವಾಷಿಂಗ್ ಮಷಿನ್

ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕುಂಟುವುದಿಲ್ಲ. ಮೂರು ಬಿಂದು ಎಲ್ಲಿದ್ದರೂ ಅವುಗಳ ಮೇಲೆ ಒಂದು ಹಲಗೆ ಸರಿಯಾಗಿ ಕೂರುತ್ತದೆ. ನಾಲ್ಕನೆಯ ಬಿಂದು ಬಂದ ಕೂಡಲೇ ತಕರಾರು ಶುರು. ಚೌಕ ಮೇಜಿಗೆ ಒಂದು ಸೊಗಸಾದ ಪರಿಹಾರವಿದೆ, ಗಣಿತದಲ್ಲಿ ಸಾಧಿಸಿಯೂ ತೋರಿಸಿದ್ದಾರೆ: ಕಾಲುಗಳು ಸಮ ಇದ್ದು ನೆಲ ಸ್ವಲ್ಪ ಏರುತಗ್ಗು ಇದ್ದರೆ, ಮೇಜನ್ನು ಕಾಲು ಸುತ್ತು (ಸುತ್ತಿನ ನಾಲ್ಕನೇ ಒಂದು ಭಾಗ) ತಿರುಗಿಸುವಷ್ಟರಲ್ಲಿ ಎಲ್ಲೋ ಒಂದು ಕಡೆ ನಾಲ್ಕೂ ಕಾಲು ಕೂರುತ್ತವೆ. ಈಗ ಎದುರುಬದುರಿನ ಒಂದು ಜೋಡಿ ಕೂತಿದೆ, ಇನ್ನೊಂದು ಜೋಡಿ ಕುಂಟುತ್ತಿದೆ. ಕಾಲು ಸುತ್ತು ತಿರುಗಿದಾಗ ಜೋಡಿಗಳು ಜಾಗ ಬದಲಿಸುತ್ತವೆ. ಕುಂಟುವುದು ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಡುವೆ ಯಾರೂ ಕುಂಟದ ಜಾಗ ಒಂದು ಇರಲೇಬೇಕು. ಆದರೆ ಒಂದು ಟೈಲ್ಸ್ ಪಕ್ಕದ್ದಕ್ಕಿಂತ ಮೆಟ್ಟಿಲಿನಂತೆ ಎದ್ದಿದ್ದರೆ ಈ ಮಾತು ನಡೆಯುವುದಿಲ್ಲ. ಆಗ ತಿರುಗಿಸಿ ಎತ್ತರ ಮಾಡುವ ಸ್ಕ್ರೂ ಕಾಲೇ ಗತಿ.

ವಾಷಿಂಗ್ ಮಷಿನ್ನಿಗೆ ಆ ಸ್ಕ್ರೂ ಕಾಲು ಮೊದಲೇ ಬಂದಿರುತ್ತದೆ. ಯುಟಿಲಿಟಿಯ ನೆಲಕ್ಕೆ ನೀರು ಹರಿಯಲಿ ಅಂತ ಗಾರೆಯವರು ವಾಟ ಕೊಟ್ಟಿರುತ್ತಾರೆ. ಆ ಇಳಿಜಾರಿನಲ್ಲಿ ಮಷಿನ್ ಓರೆಯಾಗಿ ನಿಂತು, ಬಟ್ಟೆ ಹಿಂಡುವಾಗ ನಡೆಯತೊಡಗುತ್ತದೆ. ರಸಮಟ್ಟ ಮೇಲಿಟ್ಟು ಕಾಲು ಸರಿಮಾಡಿ, ಆಮೇಲೆ ಕಾಲಿನ ಮೇಲಿರುವ ಲಾಕ್ ನಟ್ಟನ್ನು ಮಷಿನ್ನಿನ ಮೈಗೆ ಒತ್ತುವಂತೆ ಬಿಗಿಸಿ. ಎಲ್ಲರೂ ಮರೆಯುವುದು ಈ ನಟ್ಟನ್ನೇ. ಬಿಗಿಸದಿದ್ದರೆ ಅದುರಿ ಅದುರಿ ಕಾಲು ತಾನಾಗಿ ತಿರುಗಿ ಮತ್ತೆ ಓರೆಯಾಗುತ್ತದೆ. ಫ್ರಂಟ್ ಲೋಡ್ ಮಷಿನ್ನನ್ನು ಚಕ್ರದ ಸ್ಟ್ಯಾಂಡ್ ಮೇಲೆ ಇಡುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟು ಭಾರದ್ದು ಅಷ್ಟು ಜೋರಾಗಿ ತಿರುಗುವಾಗ ಕೆಳಗೆ ಉರುಳುವ ವಸ್ತು ಇರಬಾರದು.

ಹೊಸ ಕಾಲು ಹಾಕಿಸುವವರಿಗೆ ಒಂದೇ ಮಾತು. ಸೋಫಾ, ಮಂಚದ ಕಾಲು ಪೊರಕೆ ಮತ್ತು ಮಾಪ್ ಒಳಗೆ ಹೋಗುವಷ್ಟು, ಅಂದರೆ 10ರಿಂದ 15 ಸೆಂಟಿಮೀಟರ್ ಇರಲಿ. ಇಲ್ಲವಾದರೆ ಪೂರ್ತಿ ನೆಲಕ್ಕೆ ಕೂರುವಂತಿರಲಿ. ಎರಡರ ನಡುವಿನ ಎರಡಿಂಚಿನಲ್ಲಿ ಧೂಳು ಮಾತ್ರ ಹೋಗುತ್ತದೆ.

ಜಾರುವುದು ಬೇಕಾ, ನಿಲ್ಲುವುದು ಬೇಕಾ

ಮೊಳೆಯ ಕಥೆ ಆದಮೇಲೆ ನಾನು ಆರೂ ಕುರ್ಚಿಗೆ ನುಣುಪಾದ ನೈಲಾನ್ ಬುಷ್ ಹಾಕಿಸಿದೆ. ಬೆರಳಲ್ಲಿ ತಳ್ಳಿದರೂ ಸಾಕು, ಸದ್ದಿಲ್ಲದೆ ಸರಿಯುತ್ತಿದ್ದವು. ಮೊದಲು ಎಳೆದಾಗ ಕಿರ್ರ್ ಅನ್ನುತ್ತಿದ್ದುದು, ಕಾಲು ಹಿಡಿದು ಬಿಟ್ಟು ಹಿಡಿದು ಬಿಟ್ಟು ಅದುರುತ್ತಿದ್ದರಿಂದ. ಅದು ನಿಂತಿತು, ಕೆಳಗಿನ ಮನೆಯವರಿಗೂ ನೆಮ್ಮದಿ. ನನಗೆ ಬಹಳ ಖುಷಿಯಾಗಿತ್ತು. ಮೂರನೆಯ ದಿನ ಮಂಡಿ ನೋವಿನ ಅಮ್ಮ ಮಂಚದಿಂದ ಏಳಲು ಪಕ್ಕದ ಕುರ್ಚಿಯ ಬೆನ್ನು ಹಿಡಿದು ಭಾರ ಬಿಟ್ಟರು. ಕುರ್ಚಿ ಸರ್ರನೆ ಹಿಂದೆ ಹೋಯಿತು. ಅಮ್ಮ ಮತ್ತೆ ಮಂಚದ ಮೇಲೇ ಕುಸಿದು ಕೂತರು, ಪೆಟ್ಟಾಗಲಿಲ್ಲ. ಆದರೆ ಅವರ ಕೈ ಗಾಳಿಯಲ್ಲಿ ಹುಡುಕಿದ್ದು ನನ್ನ ಕಣ್ಣಿಂದ ಹೋಗಿಲ್ಲ. ಅದೇ ಸಂಜೆ ಆ ಕುರ್ಚಿಗೆ ಅಗಲ ತಳದ ರಬ್ಬರ್ ಬುಷ್ ಹಾಕಿದೆ.

ವಯಸ್ಸಾದವರು ಹಿಡಿದು ಏಳುವ ಕುರ್ಚಿ, ಮಂಚ, ಹತ್ತಿ ನಿಲ್ಲುವ ಸ್ಟೂಲು: ಇವಕ್ಕೆ ರಬ್ಬರ್, ಬೇರೆ ಯಾವುದೂ ಬೇಡ. ಅವರ ಕೋಲು, ವಾಕರಿನ ತುದಿಯ ರಬ್ಬರನ್ನೂ ಇದೇ ಕೈಯಲ್ಲಿ ಮಗುಚಿ ನೋಡಿ. ಹೊಸದರಲ್ಲಿ ತಳದಲ್ಲಿ ಬಳೆ ಬಳೆಯಂಥ ಏಣುಗಳಿರುತ್ತವೆ. ಅವು ಸವೆದು ನುಣುಪಾಗಿದ್ದರೆ ಒದ್ದೆ ಬಚ್ಚಲಲ್ಲಿ ಹಿಡಿತ ಇರುವುದಿಲ್ಲ.

ಅಂಗಡಿಯಲ್ಲಿ ನಾಲ್ಕು ಬುಷ್ ಬೇಕಾದರೆ ಆರು ತನ್ನಿ, ಅದೇ ಅಳತೆ ಮುಂದಿನ ವರ್ಷ ಸಿಗುತ್ತದೆ ಅನ್ನುವಂತಿಲ್ಲ. ಹಾಕುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಸವೆದ ಮೂರರ ಜೊತೆ ಹೊಸದೊಂದು ಸೇರಿದರೆ ಕುರ್ಚಿ ಅವತ್ತಿನಿಂದಲೇ ಕುಂಟುತ್ತದೆ.